ದೊಡ್ಡ ಪ್ರವಾಸಿ ವಾಹನಗಳಿಗೆ ಸೂಕ್ತವಾದ ಇಂಧನ ನಿಲುಗಡೆಗಳ ಆಯ್ಕೆ

(ಕಾರವಾನ್, ಮೋಟಾರ್ ಹೋಮ್ ಹಾಗೂ ಪ್ರವಾಸಿ ಬಸ್ಸುಗಳ ಮಾಲೀಕರು, ಚಾಲಕರು ಮತ್ತು ಪ್ರವಾಸಿಗರ ಮಾಹಿತಿಗಾಗಿ)

1. ಪೀಠಿಕೆ

ಕುಟುಂಬ ಸಮೇತರಾಗಿ ಅಥವಾ ತಂಡವಾಗಿ ದೊಡ್ಡ ವಾಹನದಲ್ಲಿ ದೂರ ಪ್ರವಾಸ ಕೈಗೊಳ್ಳುವುದು ನಮ್ಮ ರಾಜ್ಯದಲ್ಲಿ ಹಿಂದಿನಿಂದಲೂ ರೂಢಿಯಲ್ಲಿದೆ. ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯ, ಮಲೆ ಮಹದೇಶ್ವರ ಬೆಟ್ಟ ಮುಂತಾದ ಕ್ಷೇತ್ರಗಳಿಗೆ ಬಸ್ಸು ಗೊತ್ತುಮಾಡಿಕೊಂಡು ಹೋಗುವ ಪದ್ಧತಿಯ ಜೊತೆಗೆ, ಮಲಗುವ, ಅಡುಗೆ ಮಾಡುವ ಹಾಗೂ ಸ್ನಾನದ ಸೌಲಭ್ಯಗಳನ್ನು ಒಳಗೊಂಡ ಕಾರವಾನ್ ವಾಹನಗಳೂ ಈಗ ಬಾಡಿಗೆಗೆ ದೊರೆಯುತ್ತಿವೆ. ನೆರೆಯ ಕೇರಳ ರಾಜ್ಯವು 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ ನಂತರ ಗಡಿ ದಾಟಿ ಸಂಚರಿಸುವ ಇಂತಹ ವಾಹನಗಳ ಬಗ್ಗೆ ಸಾರ್ವಜನಿಕರಲ್ಲಿ ಆಸಕ್ತಿ ಹೆಚ್ಚಿದೆ.

ಕಾರಿನಲ್ಲಿ ಸಂಚರಿಸುವವರಿಗೆ ರಸ್ತೆಬದಿಯ ಯಾವುದೇ ಪೆಟ್ರೋಲ್ ಬಂಕ್ ಸಾಕಾಗುತ್ತದೆ. ಆದರೆ ಒಂಬತ್ತರಿಂದ ಹನ್ನೆರಡು ಮೀಟರ್ ಉದ್ದದ ವಾಹನಕ್ಕೆ ಹಾಗಲ್ಲ. ಒಳಗೆ ಪ್ರವೇಶಿಸಿದ ನಂತರ ತಿರುಗಲು ಸ್ಥಳವಿಲ್ಲದೆ ಹೆದ್ದಾರಿಗೆ ಹಿಮ್ಮುಖವಾಗಿ ಬರಬೇಕಾಗುವುದು, ಛಾವಣಿಯ ಮೇಲಿನ ಹವಾನಿಯಂತ್ರಣ ಪೆಟ್ಟಿಗೆಯು ಬಂಕಿನ ಮೇಲ್ಛಾವಣಿಗೆ ತಗಲುವುದು, ಹಿಂಭಾಗವು ಡೀಸೆಲ್ ಯಂತ್ರಕ್ಕೆ ಬಡಿಯುವುದು, ಇಂತಹ ಅವಘಡಗಳಿಗೆ ಆಸ್ಪದವಿರುತ್ತದೆ. ಇವೆಲ್ಲಕ್ಕಿಂತ ಗಂಭೀರವಾದದ್ದು, ಸೂಕ್ತ ಬಂಕ್ ದೊರೆಯದೆ ಘಾಟಿ ರಸ್ತೆಯಲ್ಲಿ ಇಂಧನ ಮುಗಿದು ವಾಹನ ನಿಂತುಹೋಗುವುದು. ಆದ್ದರಿಂದ ಇಂಧನ ನಿಲುಗಡೆಗಳನ್ನು ಪ್ರವಾಸಕ್ಕೆ ಮುನ್ನವೇ ಗುರುತಿಸಿಕೊಳ್ಳುವ ವಿಧಾನವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ವಾಹನದ ಅಳತೆಗಳನ್ನು ತಿಳಿದುಕೊಳ್ಳುವುದು

ಬಂಕ್ ಸೂಕ್ತವೇ ಅಲ್ಲವೇ ಎಂಬುದನ್ನು ನಿರ್ಧರಿಸುವ ಮೊದಲು ತಮ್ಮ ವಾಹನದ ನಿಖರ ಅಳತೆಗಳು ಚಾಲಕರಿಗೆ ತಿಳಿದಿರಬೇಕು. ನೋಂದಣಿ ಪತ್ರದಲ್ಲಿರುವ ವಿವರಗಳನ್ನು ಮಾತ್ರ ಅವಲಂಬಿಸದೆ, ವಾಹನವನ್ನು ಸಜ್ಜುಗೊಳಿಸಿದ ನಂತರ ಟೇಪು ಹಿಡಿದು ಅಳತೆ ಮಾಡುವುದು ಉತ್ತಮ.

(ಅ) ಎತ್ತರ: ನೆಲದಿಂದ ಛಾವಣಿಯ ಮೇಲಿರುವ ಅತ್ಯುನ್ನತ ವಸ್ತುವಿನ ತುದಿಯವರೆಗೆ ಅಳೆಯಬೇಕು. ಹವಾನಿಯಂತ್ರಣ ಪೆಟ್ಟಿಗೆ, ಸೌರ ಫಲಕ, ನೀರಿನ ತೊಟ್ಟಿ ಹಾಗೂ ಛಾವಣಿಯ ಮೇಲೆ ಕಟ್ಟಿದ ಸಾಮಾನುಗಳನ್ನು ಇದರಲ್ಲಿ ಸೇರಿಸತಕ್ಕದ್ದು.

(ಆ) ಅಗಲ: ದೊಡ್ಡ ಬಸ್ಸಿನ ದೇಹದ ಅಗಲವು ಸುಮಾರು 2.6 ಮೀಟರ್ ಇರುತ್ತದೆ. ಎರಡೂ ಬದಿಯ ಕನ್ನಡಿಗಳನ್ನು ಸೇರಿಸಿದರೆ ಇನ್ನೂ ಹೆಚ್ಚಾಗುತ್ತದೆ. ಬಂಕಿನಲ್ಲಿ ಕಂಬಗಳಿಗೆ ಮೊದಲು ತಗಲುವುದು ಕನ್ನಡಿಗಳೇ.

(ಇ) ಉದ್ದ ಮತ್ತು ಹಿಂಬದಿಯ ಚಾಚು: ಹಿಂದಿನ ಗಾಲಿಯಿಂದ ಆಚೆಗೆ ಚಾಚಿರುವ ಭಾಗವು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರದ ಶೇಕಡ 60ನ್ನು ಮೀರಬಾರದೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಸಾಮಾನ್ಯ ಮಿತಿ. ಗಾಲಿಗಳ ಅಂತರ 6 ಮೀಟರ್ ಇರುವ ವಾಹನದಲ್ಲಿ ಈ ಚಾಚು 3.6 ಮೀಟರಿನಷ್ಟಿರಲು ಅವಕಾಶವಿದೆ. ಇಂತಹ ವಾಹನವು ಎಡಕ್ಕೆ ಬಲವಾಗಿ ತಿರುಗಿದಾಗ ಅದರ ಹಿಂಬದಿಯ ಬಲಮೂಲೆ ಹೊರಕ್ಕೆ ಬೀಸುತ್ತದೆ. ಅದೇ ವೇಳೆಗೆ ಹಿಂದಿನ ಎಡಗಾಲಿಯು ಮುಂದಿನ ಗಾಲಿಯ ಜಾಡನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ. ಬಂಕಿನಿಂದ ಹೊರಡುವಾಗ ಯಂತ್ರಗಳಿಗೆ ಹಾನಿಯಾಗಲು ಸಾಮಾನ್ಯ ಕಾರಣ ಇದೇ ಆಗಿದೆ.

(ಈ) ತಿರುಗಲು ಬೇಕಾದ ಸ್ಥಳ: 12 ಮೀಟರ್ ಉದ್ದದ ಬಸ್ಸು ಒಂದೇ ಸುತ್ತಿನಲ್ಲಿ ಹಿಂದಿರುಗಲು ಸುಮಾರು 24 ಮೀಟರ್ ವ್ಯಾಸದ ಖಾಲಿ ಸ್ಥಳ ಬೇಕಾಗುತ್ತದೆ. ಪಟ್ಟಣದೊಳಗಿನ ಬಹುತೇಕ ಬಂಕುಗಳಲ್ಲಿ ಇಷ್ಟು ಸ್ಥಳವಿರುವುದಿಲ್ಲ.

(ಉ) ಇಂಧನ ತೊಟ್ಟಿಯ ಬದಿ: ತೊಟ್ಟಿಯ ಬಾಯಿ ಎಡಬದಿಯಲ್ಲಿದೆಯೋ ಬಲಬದಿಯಲ್ಲಿದೆಯೋ ಎಂಬುದನ್ನು ಬಾಡಿಗೆಗೆ ಪಡೆಯುವಾಗಲೇ ನೋಡಿಕೊಳ್ಳಬೇಕು. ತಪ್ಪು ಬದಿಗೆ ನಿಲ್ಲಿಸಿದ ಕಾರನ್ನು ಸುತ್ತಿಸಿ ತರಬಹುದು. ದೊಡ್ಡ ವಾಹನವನ್ನು ಮರಳಿ ತರುವುದು ಕಷ್ಟ.

ಎತ್ತರ, ಅಗಲ, ಉದ್ದ ಹಾಗೂ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಚಾಲಕರ ಎದುರಿಗೆ ಕಾಣುವಂತೆ ಅಂಟಿಸಿಕೊಳ್ಳುವುದು ಅಪೇಕ್ಷಣೀಯ. ಸರದಿಯಲ್ಲಿ ಇಬ್ಬರು ಚಾಲಕರು ವಾಹನ ಓಡಿಸುವಾಗ ಇದು ಹೆಚ್ಚು ಉಪಯುಕ್ತ.

3. ಸೂಕ್ತವಾದ ಬಂಕಿನ ಲಕ್ಷಣಗಳು

ದೊಡ್ಡ ವಾಹನಕ್ಕೆ ಯೋಗ್ಯವಾದ ಬಂಕಿನಲ್ಲಿ ಈ ಕೆಳಕಂಡ ಲಕ್ಷಣಗಳಿರಬೇಕು.

(1) ಪ್ರವೇಶ ಮತ್ತು ನಿರ್ಗಮನ ಮಾರ್ಗಗಳು ಪ್ರತ್ಯೇಕವಾಗಿದ್ದು, ವಾಹನವು ಹಿಮ್ಮುಖವಾಗಿ ಚಲಿಸದೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೊರಹೋಗುವಂತಿರಬೇಕು.

(2) ಡೀಸೆಲ್ ಯಂತ್ರವು ರಸ್ತೆಗೆ ಸಮಾನಾಂತರವಾದ ಸಾಲಿನಲ್ಲಿ, ಸಾಧ್ಯವಾದಷ್ಟು ಹೊರ ಅಂಚಿನಲ್ಲಿ ಇರಬೇಕು. ಲಾರಿಗಳಿಗೆಂದೇ ಪ್ರತ್ಯೇಕ ಸಾಲು ಇದ್ದರೆ ಅದನ್ನೇ ಬಳಸಬೇಕು. ಇಂತಹ ಕಡೆ ಹೆಚ್ಚು ವೇಗವಾಗಿ ಇಂಧನ ಹರಿಸುವ ಯಂತ್ರಗಳೂ ಇರುವುದರಿಂದ ತೊಟ್ಟಿ ತುಂಬಲು ತಗಲುವ ಸಮಯ ಕಡಿಮೆಯಾಗುತ್ತದೆ.

(3) ಮೇಲ್ಛಾವಣಿಯ ಎತ್ತರವು ವಾಹನದ ಎತ್ತರಕ್ಕಿಂತ ಕನಿಷ್ಠ ಅರ್ಧ ಮೀಟರ್ ಹೆಚ್ಚಿರಬೇಕು. ಹೆದ್ದಾರಿಯ ಹೊಸ ಬಂಕುಗಳ ಛಾವಣಿ ಲಾರಿಗಳಿಗೆ ಅನುವಾಗುವಂತೆ ಎತ್ತರವಾಗಿರುತ್ತದೆ. ಪಟ್ಟಣಗಳ ಹಳೆಯ ಬಂಕುಗಳಲ್ಲಿ ಛಾವಣಿ ತಗ್ಗಾಗಿರಬಹುದು. ಅಂಗಳಕ್ಕೆ ಪದೇ ಪದೇ ಕಾಂಕ್ರೀಟ್ ಹಾಕಿ ನೆಲ ಏರಿರುವ ಕಡೆಗಳಲ್ಲಿ ಫಲಕದ ಮೇಲೆ ಬರೆದಿರುವ ಎತ್ತರವನ್ನು ಪೂರ್ಣವಾಗಿ ನಂಬುವಂತಿಲ್ಲ.

(4) ರಸ್ತೆಯಿಂದ ಬಂಕಿಗೆ ಏರುವ ಇಳಿಜಾರು ಕಡಿದಾಗಿರಬಾರದು. ಚರಂಡಿಯ ಮೇಲೆ ಹಾಸಿದ ಕಲ್ಲು ಚಪ್ಪಡಿ ಅಥವಾ ಮೋರಿಯು ಭಾರ ತಡೆಯುವಂತಿರಬೇಕು. ಬಸ್ಸಿನ ಮುಂಭಾಗ ಹಾಗೂ ಹಿಂಭಾಗ ನೆಲಕ್ಕೆ ಉಜ್ಜುವುದು ಸಾಮಾನ್ಯವಾಗಿ ಇಂತಹ ಸ್ಥಳದಲ್ಲಿಯೇ.

(5) ಇಂಧನ ತುಂಬಿಸಿದ ನಂತರ ವಾಹನವನ್ನು ಸ್ವಲ್ಪ ಹೊತ್ತು ಬದಿಗೆ ನಿಲ್ಲಿಸಲು ಸ್ಥಳವಿರಬೇಕು. ವೃದ್ಧರು, ಮಕ್ಕಳು ಹಾಗೂ ಅಂಗವಿಕಲರು ಜೊತೆಯಲ್ಲಿದ್ದಲ್ಲಿ ಮೆಟ್ಟಿಲುಗಳಿಲ್ಲದೆ ತಲುಪಬಹುದಾದ ಶೌಚಾಲಯವಿದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಬೇಕು.

ಸಾರ್ವಜನಿಕ ವಲಯದ ತೈಲ ಕಂಪನಿಗಳು ಲಾರಿ ಚಾಲಕರಿಗಾಗಿ ಹೆದ್ದಾರಿಗಳಲ್ಲಿ ವಿಶಾಲವಾದ ಬಂಕುಗಳನ್ನು ಸ್ಥಾಪಿಸಿವೆ. ಇಂಡಿಯನ್ ಆಯಿಲ್ ಸಂಸ್ಥೆಯ 'ಸ್ವಾಗತ್' ಹಾಗೂ ಭಾರತ್ ಪೆಟ್ರೋಲಿಯಂ ಸಂಸ್ಥೆಯ 'ಘರ್' ಹೆಸರಿನ ಬಂಕುಗಳು ಈ ವರ್ಗಕ್ಕೆ ಸೇರುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ಗ್ರಾಮೀಣ ಪ್ರದೇಶದ ರೈತರ ಅನುಕೂಲಕ್ಕಾಗಿ ತೆರೆದಿರುವ 'ಕಿಸಾನ್ ಸೇವಾ ಕೇಂದ್ರ' ಮಾದರಿಯ ಬಂಕುಗಳು ಚಿಕ್ಕ ಅಂಗಳವನ್ನು ಹೊಂದಿರುತ್ತವೆ. ಟ್ರ್ಯಾಕ್ಟರ್ ಮತ್ತು ಕಾರುಗಳಿಗೆ ಇವು ಸಾಕಾಗುತ್ತವೆಯಾದರೂ ದೊಡ್ಡ ಬಸ್ಸಿಗೆ ಇಕ್ಕಟ್ಟಾಗಬಹುದು. ಗುಡ್ಡಗಾಡು ಪ್ರದೇಶದಲ್ಲಿಯೂ ಸಮತಟ್ಟಾದ ಭೂಮಿಯ ಕೊರತೆಯಿಂದ ಬಂಕುಗಳ ನಿವೇಶನ ಚಿಕ್ಕದಾಗಿರುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಸುಲಭವಾದ ಒಂದು ಪರೀಕ್ಷೆಯೆಂದರೆ, ಬಂಕಿನೊಳಗೆ ಲಾರಿ ಅಥವಾ ಬಸ್ಸುಗಳು ನಿಂತಿವೆಯೇ ಎಂದು ನೋಡುವುದು. ದೊಡ್ಡ ಲಾರಿಗಳು ಸರಾಗವಾಗಿ ಬಂದು ಹೋಗುತ್ತಿರುವ ಬಂಕು ಬಹುಮಟ್ಟಿಗೆ ಕಾರವಾನಿಗೂ ಅನುಕೂಲವಾಗಿರುತ್ತದೆ.

4. ಎಷ್ಟು ದೂರಕ್ಕೆ ನಿಲುಗಡೆ ಬೇಕು: ಲೆಕ್ಕ ಹಾಕುವ ವಿಧಾನ

ತಯಾರಕರು ನೀಡುವ ಮೈಲೇಜು ಅಂಕಿಗಿಂತ ತಮ್ಮ ವಾಹನದ ನಿಜವಾದ ಮೈಲೇಜನ್ನು ಆಧರಿಸಿ ಲೆಕ್ಕ ಹಾಕತಕ್ಕದ್ದು. ತೊಟ್ಟಿಯನ್ನು ಪೂರ್ಣ ತುಂಬಿಸಿ, ಮುಂದಿನ ಬಾರಿ ಮತ್ತೆ ಪೂರ್ಣ ತುಂಬಿಸುವಾಗ ಹಿಡಿದ ಲೀಟರುಗಳಿಂದ ಓಡಿದ ಕಿಲೋಮೀಟರುಗಳನ್ನು ಭಾಗಿಸಿದರೆ ನಿಜವಾದ ಮೈಲೇಜು ತಿಳಿಯುತ್ತದೆ.

ಉದಾಹರಣೆಗೆ, ಒಂದು ವಾಹನದ ತೊಟ್ಟಿ 180 ಲೀಟರಿನದು, ಸಮತಟ್ಟಾದ ಹೆದ್ದಾರಿಯಲ್ಲಿ ಮೈಲೇಜು ಲೀಟರಿಗೆ 5 ಕಿ.ಮೀ. ಎಂದು ಭಾವಿಸೋಣ. ತೊಟ್ಟಿಯ ನಾಲ್ಕನೇ ಒಂದು ಭಾಗವನ್ನು, ಅಂದರೆ 45 ಲೀಟರನ್ನು, ತುರ್ತು ಸಂದರ್ಭಕ್ಕೆಂದು ಮೀಸಲಿಟ್ಟರೆ ಬಳಕೆಗೆ ಉಳಿಯುವುದು 135 ಲೀಟರ್. ಇದರಿಂದ ಸಮತಟ್ಟು ರಸ್ತೆಯಲ್ಲಿ 675 ಕಿ.ಮೀ. ಕ್ರಮಿಸಬಹುದು. ಅದೇ ವಾಹನ ಘಾಟಿ ಪ್ರದೇಶದಲ್ಲಿ ಲೀಟರಿಗೆ 3.5 ಕಿ.ಮೀ. ಮಾತ್ರ ಓಡಿದರೆ ಈ ದೂರ ಸುಮಾರು 470 ಕಿ.ಮೀ.ಗೆ ಇಳಿಯುತ್ತದೆ. ರಾತ್ರಿ ಎಂಟು ಗಂಟೆಗಳ ಕಾಲ ಅದೇ ತೊಟ್ಟಿಯ ಡೀಸೆಲ್ ಬಳಸಿ ಜನರೇಟರ್ ನಡೆಸಿದಲ್ಲಿ, ಗಂಟೆಗೆ 2 ಲೀಟರಿನಂತೆ 16 ಲೀಟರ್ ಖರ್ಚಾಗಿ, ದೂರವು ಸುಮಾರು 415 ಕಿ.ಮೀ.ಗೆ ಬರುತ್ತದೆ. ಒಂದೇ ತೊಟ್ಟಿ, ಒಂದೇ ವಾಹನ; ಆದರೂ 260 ಕಿ.ಮೀ.ಗಳ ವ್ಯತ್ಯಾಸ. ಕಾರವಾನ್ ಬಾಡಿಗೆಗೆ ಪಡೆಯುವವರು ಜನರೇಟರ್ ಯಾವ ತೊಟ್ಟಿಯಿಂದ ಇಂಧನ ಪಡೆಯುತ್ತದೆ ಎಂಬುದನ್ನು ಮಾಲೀಕರಿಂದ ತಪ್ಪದೆ ತಿಳಿದುಕೊಳ್ಳಬೇಕು.

ಸಾಮಾನ್ಯ ನಿಯಮವಾಗಿ, ಸಮತಟ್ಟಾದ ಹೆದ್ದಾರಿಯಲ್ಲಿ ತೊಟ್ಟಿ ಅರ್ಧಕ್ಕೆ ಇಳಿಯುವಷ್ಟರಲ್ಲಿ ಮುಂದಿನ ಸೂಕ್ತ ಬಂಕಿನಲ್ಲಿ ತುಂಬಿಸಿಕೊಳ್ಳಬೇಕು. ಘಾಟಿ ಹಾಗೂ ಅರಣ್ಯ ಮಾರ್ಗವನ್ನು ಪ್ರವೇಶಿಸುವ ಮುನ್ನ ಅರ್ಧಕ್ಕಿಂತ ಹೆಚ್ಚಿದ್ದರೂ ಪೂರ್ಣ ತುಂಬಿಸುವುದು ಕ್ಷೇಮಕರ.

ಪೆಟ್ರೋಲ್ ಮತ್ತು ಡೀಸೆಲ್ ದರಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿರುತ್ತವೆ. 2017ರ ಜೂನ್ 16ರಿಂದ ದೇಶಾದ್ಯಂತ ದರಗಳನ್ನು ಪ್ರತಿದಿನ ಪರಿಷ್ಕರಿಸಲು ಅವಕಾಶವಿರುವ ಪದ್ಧತಿ ಜಾರಿಗೆ ಬಂದಿತು. ಕಡಿಮೆ ದರ ದೊರೆಯುವುದೆಂದು ಗಡಿಯವರೆಗೆ ಬರಿದಾಗುತ್ತಿರುವ ತೊಟ್ಟಿಯೊಂದಿಗೆ ಸಾಗುವುದು ಸರಿಯಲ್ಲ. ಗಡಿಯ ತಪಾಸಣಾ ಕೇಂದ್ರದ ಬಳಿ ವಾಹನಗಳ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗಿ ಬಂದಲ್ಲಿ ಉಳಿತಾಯವೆಂದು ಭಾವಿಸಿದ್ದು ತೊಂದರೆಯಾಗಿ ಪರಿಣಮಿಸಬಹುದು.

5. ಡಿಇಎಫ್ ದ್ರಾವಣ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಭಾರತ್ ಸ್ಟೇಜ್-6 ಮಾನಕ ಜಾರಿಯಲ್ಲಿದೆ. ಈ ಮಾನಕದ ದೊಡ್ಡ ಡೀಸೆಲ್ ವಾಹನಗಳಲ್ಲಿ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು ಡಿಇಎಫ್ ಎಂಬ ದ್ರಾವಣವನ್ನು ಬಳಸಲಾಗುತ್ತದೆ. ಇದು ಶೇಕಡ 32.5ರಷ್ಟು ಯೂರಿಯಾ ಹಾಗೂ ಉಳಿದಂತೆ ಶುದ್ಧೀಕರಿಸಿದ ನೀರು. ಇದಕ್ಕೆ ಪ್ರತ್ಯೇಕ ತೊಟ್ಟಿಯಿದ್ದು, ಮುಚ್ಚಳ ಸಾಮಾನ್ಯವಾಗಿ ನೀಲಿ ಬಣ್ಣದ್ದಾಗಿರುತ್ತದೆ. ಬಳಕೆಯ ಪ್ರಮಾಣ ವಾಹನಕ್ಕೆ ತಕ್ಕಂತೆ ಡೀಸೆಲ್ಲಿನ ಶೇಕಡ 3ರಿಂದ 5ರಷ್ಟು ಎಂದು ಅಂದಾಜು ಮಾಡಬಹುದು. 135 ಲೀಟರ್ ಡೀಸೆಲ್ಲಿಗೆ ಸುಮಾರು 5 ಲೀಟರ್.

ಡಿಇಎಫ್ ಮುಗಿದಲ್ಲಿ ವಾಹನವು ಎಚ್ಚರಿಕೆ ನೀಡಿ, ನಂತರ ಇಂಜಿನ್ನಿನ ಶಕ್ತಿಯನ್ನು ತಾನಾಗಿಯೇ ತಗ್ಗಿಸುತ್ತದೆ. ಘಾಟಿ ಏರುವಾಗ ಶಕ್ತಿ ಕುಗ್ಗಿದರೆ ಹಿಂದಿನ ವಾಹನಗಳಿಗೂ ಅಪಾಯ. ಎಲ್ಲ ಬಂಕುಗಳಲ್ಲಿ ಇದು ದೊರೆಯುವುದಿಲ್ಲವಾದ್ದರಿಂದ ಮೊಹರು ಮಾಡಿದ ಒಂದು ಡಬ್ಬಿಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ನೀಲಿ ಮುಚ್ಚಳದ ತೊಟ್ಟಿಗೆ ಡೀಸೆಲ್ ಹಾಕುವುದಾಗಲಿ, ಡೀಸೆಲ್ ತೊಟ್ಟಿಗೆ ಈ ದ್ರಾವಣ ಹಾಕುವುದಾಗಲಿ ಆಗದಂತೆ ಚಾಲಕರು ಸ್ವತಃ ನಿಂತು ನೋಡಿಕೊಳ್ಳಬೇಕು. ತಪ್ಪಿ ಹಾಕಿದ್ದು ಗಮನಕ್ಕೆ ಬಂದಲ್ಲಿ ಇಂಜಿನ್ ಚಾಲೂ ಮಾಡದೆ, ಕೀಲಿಯನ್ನೂ ತಿರುಗಿಸದೆ, ಮೆಕ್ಯಾನಿಕ್ ಸಹಾಯ ಪಡೆಯಬೇಕು. ಸ್ಥಳೀಯವಾಗಿ ಯೂರಿಯಾ ಗೊಬ್ಬರವನ್ನು ನೀರಿನಲ್ಲಿ ಕಲಸಿ ಬಳಸುವುದು ಯಂತ್ರವನ್ನು ಕೆಡಿಸುತ್ತದೆ.

6. ರಾಜ್ಯದ ಕೆಲವು ಮಾರ್ಗಗಳಲ್ಲಿ ಗಮನಿಸಬೇಕಾದ ಅಂಶಗಳು

ಬೆಂಗಳೂರು – ಮಂಗಳೂರು (ರಾಷ್ಟ್ರೀಯ ಹೆದ್ದಾರಿ 75): ಸುಮಾರು 350 ಕಿ.ಮೀ.ಗಳ ಈ ಮಾರ್ಗವು ಕುಣಿಗಲ್, ಚನ್ನರಾಯಪಟ್ಟಣ, ಹಾಸನ ಮತ್ತು ಸಕಲೇಶಪುರಗಳ ಮೂಲಕ ಶಿರಾಡಿ ಘಾಟಿಗೆ ಇಳಿಯುತ್ತದೆ. ದೊಡ್ಡ ವಾಹನಗಳು ಹಾಸನದ ಆಸುಪಾಸಿನಲ್ಲಿಯೇ ತೊಟ್ಟಿ ತುಂಬಿಸಿಕೊಳ್ಳುವುದು ಉತ್ತಮ. ಶಿರಾಡಿ ಘಾಟಿಯನ್ನು ಕಾಂಕ್ರೀಟ್ ಕಾಮಗಾರಿಗಾಗಿ 2015ರಲ್ಲಿ ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಲಾಗಿತ್ತು. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಗುಡ್ಡ ಕುಸಿದು ಮತ್ತೊಮ್ಮೆ ಸಂಚಾರ ನಿಂತಿತ್ತು. ಮಳೆಗಾಲದಲ್ಲಿ ಬದಲಿ ಮಾರ್ಗದಲ್ಲಿ ಸುತ್ತಿ ಹೋಗಬೇಕಾದ ಸಂದರ್ಭ ಬರಬಹುದಾದ್ದರಿಂದ ಘಾಟಿಯ ಅಂಚಿಗೆ ಬರುವಾಗ ತೊಟ್ಟಿ ತುಂಬಿರುವುದು ಅವಶ್ಯ.

ಚಾರ್ಮಾಡಿ ಮತ್ತು ಆಗುಂಬೆ ಘಾಟಿಗಳು: ಇವುಗಳಲ್ಲಿ ಕಡಿದಾದ ತಿರುವುಗಳಿದ್ದು, ದೊಡ್ಡ ವಾಹನಗಳ ಸಂಚಾರಕ್ಕೆ ಜಿಲ್ಲಾಡಳಿತಗಳು ನಿರ್ಬಂಧ ವಿಧಿಸುತ್ತಾ ಬಂದಿವೆ. ಶಿರಾಡಿ ಮುಚ್ಚಿದೆಯೆಂದು ನೇರವಾಗಿ ಈ ಮಾರ್ಗಗಳಿಗೆ ತಿರುಗದೆ, ಸಂಬಂಧಪಟ್ಟ ಜಿಲ್ಲೆಯ ಪೊಲೀಸರಿಂದ ಅಂದಿನ ಸ್ಥಿತಿ ತಿಳಿದುಕೊಂಡು ಮುಂದುವರಿಯಬೇಕು.

ಬಂಡೀಪುರ ಅರಣ್ಯ ಮಾರ್ಗಗಳು: ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿ ಕಡೆಗೆ ಹಾಗೂ ತಮಿಳುನಾಡಿನ ಗೂಡಲೂರು ಕಡೆಗೆ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಅರಣ್ಯದೊಳಗೆ ವಾಹನ ನಿಲ್ಲಿಸಿ ಇಳಿಯುವುದು ಅಪಾಯಕರ ಹಾಗೂ ನಿಷಿದ್ಧ. ಆದ್ದರಿಂದ ಗುಂಡ್ಲುಪೇಟೆಯನ್ನೇ ಕೊನೆಯ ನಿಲುಗಡೆಯೆಂದು ಪರಿಗಣಿಸಿ, ಇಂಧನ ಹಾಗೂ ಗಾಳಿಯನ್ನು ಅಲ್ಲಿಯೇ ತುಂಬಿಸಿಕೊಂಡು, ಸಂಜೆಯೊಳಗೆ ಅರಣ್ಯವನ್ನು ದಾಟುವಂತೆ ವೇಳೆ ಹೊಂದಿಸಿಕೊಳ್ಳಬೇಕು.

ಹುಬ್ಬಳ್ಳಿ – ಅಂಕೋಲಾ: ಯಲ್ಲಾಪುರದ ನಂತರ ಅರಬೈಲು ಘಾಟಿ ಬರುತ್ತದೆ. ಲಾರಿಗಳ ಸಂಚಾರ ದಟ್ಟವಾಗಿರುವ ಮಾರ್ಗವಿದು. ಹುಬ್ಬಳ್ಳಿಯಲ್ಲಿ ಅಥವಾ ಯಲ್ಲಾಪುರದಲ್ಲಿ ಇಂಧನ ಪಡೆದು ಮುಂದುವರಿಯಬೇಕು.

ಬೆಂಗಳೂರು – ಹುಬ್ಬಳ್ಳಿ – ಬೆಳಗಾವಿ (ರಾಷ್ಟ್ರೀಯ ಹೆದ್ದಾರಿ 48): ತುಮಕೂರು, ಚಿತ್ರದುರ್ಗ ಮತ್ತು ದಾವಣಗೆರೆಗಳ ಮೂಲಕ ಸಾಗುವ ಈ ಹೆದ್ದಾರಿಯಲ್ಲಿ ಲಾರಿಗಳಿಗೆ ಅನುವಾದ ಬಂಕುಗಳು ಸಾಕಷ್ಟಿವೆ. ಹಂಪಿಗೆ ಹೋಗುವವರು ಚಿತ್ರದುರ್ಗದಿಂದ ಕವಲೊಡೆದ ನಂತರ ಹೊಸಪೇಟೆಯಲ್ಲಿ ತುಂಬಿಸಿಕೊಳ್ಳಬಹುದು. ಹಂಪಿಯ ಪರಿಸರದಲ್ಲಿ ಕೆಲವು ರಸ್ತೆಗಳು ಪ್ರಾಚೀನ ಕಲ್ಲಿನ ಹೆಬ್ಬಾಗಿಲುಗಳ ಮೂಲಕ ಹಾದುಹೋಗುವುದರಿಂದ ದೊಡ್ಡ ವಾಹನಗಳನ್ನು ಒಳರಸ್ತೆಗಳಿಗೆ ಕೊಂಡೊಯ್ಯಬಾರದು.

ಬೆಟ್ಟದ ಕ್ಷೇತ್ರಗಳು: ಮಲೆ ಮಹದೇಶ್ವರ ಬೆಟ್ಟಕ್ಕೆ ಕೊಳ್ಳೇಗಾಲ ಅಥವಾ ಹನೂರಿನಲ್ಲಿ, ಚಿಕ್ಕಮಗಳೂರಿನ ಗಿರಿಶ್ರೇಣಿಗೆ ಚಿಕ್ಕಮಗಳೂರು ನಗರದಲ್ಲಿಯೇ ಇಂಧನ ಪಡೆಯಬೇಕು. ಮುಳ್ಳಯ್ಯನಗಿರಿಯಂತಹ ಕಡಿದಾದ ಕಿರಿದಾದ ರಸ್ತೆಗಳಿಗೆ ದೊಡ್ಡ ವಾಹನ ಯೋಗ್ಯವಲ್ಲ. ಅದನ್ನು ನಗರದಲ್ಲಿ ನಿಲ್ಲಿಸಿ ಚಿಕ್ಕ ವಾಹನದಲ್ಲಿ ತೆರಳುವುದು ಸೂಕ್ತ.

ಬೆಂಗಳೂರು – ಮೈಸೂರು ಹೆದ್ದಾರಿಯಂತಹ, ಬೇಲಿಯಿಂದ ಸುತ್ತುವರಿದ ಪ್ರವೇಶ ನಿಯಂತ್ರಿತ ರಸ್ತೆಗಳಲ್ಲಿ ಬಂಕು ಕಣ್ಣಿಗೆ ಕಂಡರೂ ಮುಖ್ಯ ಪಥದಿಂದ ಅಲ್ಲಿಗೆ ದಾರಿ ಇಲ್ಲದಿರಬಹುದು. ಸರ್ವಿಸ್ ರಸ್ತೆಗೆ ಇಳಿಯುವ ದ್ವಾರ ಎಲ್ಲಿದೆ, ಮರಳಿ ಮುಖ್ಯ ಪಥಕ್ಕೆ ಏರುವುದು ಎಲ್ಲಿ ಎಂಬುದನ್ನು ಮೊದಲೇ ಗುರುತಿಸಿಕೊಂಡಿರಬೇಕು.

7. ಹೊರಡುವ ಮುನ್ನ ಬಂಕುಗಳನ್ನು ಗುರುತಿಸುವುದು

ಪ್ರವಾಸದ ಮಾರ್ಗದಲ್ಲಿ ತಾವು ಸಾಗುವ ದಿಕ್ಕಿಗೆ ಎಡಬದಿಯಲ್ಲಿರುವ ಬಂಕುಗಳನ್ನು ಮಾತ್ರ ಪಟ್ಟಿ ಮಾಡಿಕೊಳ್ಳಬೇಕು. ತೈಲ ಕಂಪನಿಗಳ ಅಂತರ್ಜಾಲ ತಾಣಗಳಲ್ಲಿ ಹಾಗೂ ಮೊಬೈಲ್ ಆ್ಯಪ್‌ಗಳಲ್ಲಿ ಬಂಕುಗಳ ವಿಳಾಸ ಮತ್ತು ದೂರವಾಣಿ ಸಂಖ್ಯೆ ದೊರೆಯುತ್ತವೆ. ಉಪಗ್ರಹ ನಕ್ಷೆಯಲ್ಲಿ ಅಂಗಳದ ವಿಸ್ತಾರ, ಎರಡು ದ್ವಾರಗಳು ಹಾಗೂ ನಿಂತಿರುವ ಲಾರಿಗಳನ್ನು ನೋಡಬಹುದು. ಹೆದ್ದಾರಿಯಿಂದ ಒಳಗಿರುವ ಬಂಕಾದರೆ, ಅಲ್ಲಿಗೆ ಹೋಗುವ ದಾರಿಯಲ್ಲಿ ರೈಲ್ವೆ ಕೆಳಸೇತುವೆ ಅಥವಾ ಎತ್ತರ ನಿರ್ಬಂಧಿಸುವ ಕಬ್ಬಿಣದ ಕಮಾನು ಇದೆಯೇ ಎಂಬುದನ್ನೂ ಪರಿಶೀಲಿಸಬೇಕು. ಕಾರುಗಳಿಗೆಂದು ದಾರಿ ತೋರಿಸುವ ಆ್ಯಪ್‌ಗಳು ವಾಹನದ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅನುಮಾನವಿದ್ದಲ್ಲಿ ದೂರವಾಣಿ ಮೂಲಕ ಈ ಕೆಳಗಿನ ಐದು ಪ್ರಶ್ನೆಗಳನ್ನು ಕೇಳಬಹುದು:

• ದೊಡ್ಡ ಬಸ್ಸು ಹಿಮ್ಮುಖವಾಗಿ ಬಾರದೆ ಹೊರಹೋಗಬಹುದೇ?
• ಛಾವಣಿಯ ಎತ್ತರ ಎಷ್ಟು?
• ಲಾರಿಗಳು ಡೀಸೆಲ್ ಹಾಕಿಸಿಕೊಳ್ಳಲು ಬರುತ್ತವೆಯೇ?
• ರಾತ್ರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ?
• ಡಿಇಎಫ್, ಗಾಳಿ, ನೀರು ಮತ್ತು ಶೌಚಾಲಯ ಲಭ್ಯವಿದೆಯೇ?

ಪ್ರತಿ ನಿಲುಗಡೆಗೆ ಒಂದು ಬದಲಿ ಬಂಕನ್ನೂ ಗುರುತಿಸಿಕೊಂಡಿರಬೇಕು. ದಾಸ್ತಾನು ಮುಗಿದಿರುವುದು, ವಿದ್ಯುತ್ ಅಡಚಣೆ ಅಥವಾ ಟ್ಯಾಂಕರ್ ಇಳಿಸುತ್ತಿರುವ ಕಾರಣದಿಂದ ಬಂಕ್ ತಾತ್ಕಾಲಿಕವಾಗಿ ಸ್ಥಗಿತಗೊಂಡಿರುವುದು ಅಪರೂಪವೇನಲ್ಲ.

8. ಎದುರು ಬದಿಯ ಬಂಕ್: ವಿಶೇಷ ಎಚ್ಚರಿಕೆ

ವಿಭಜಕವಿರುವ ಹೆದ್ದಾರಿಯಲ್ಲಿ ಎದುರು ಬದಿಯ ಬಂಕನ್ನು ತಲುಪಲು ಕೆಲವರು ಸ್ವಲ್ಪ ದೂರ ವಿರುದ್ಧ ದಿಕ್ಕಿನಲ್ಲಿ ಚಲಿಸುವುದುಂಟು. ಇದು ಅತ್ಯಂತ ಅಪಾಯಕಾರಿ. ವೇಗವಾಗಿ ಬರುವ ಕಾರು ಅಥವಾ ಬೈಕ್ ಸವಾರರು ತಮ್ಮ ಪಥದಲ್ಲಿ ಎದುರಿನಿಂದ ಬಸ್ಸು ಬರುವುದನ್ನು ನಿರೀಕ್ಷಿಸಿರುವುದಿಲ್ಲ. ವಿಭಜಕದ ಕಿರಿದಾದ ತೆರಪಿನಲ್ಲಿ ಉದ್ದನೆಯ ವಾಹನವನ್ನು ತಿರುಗಿಸುವಾಗ ಅದು ಎರಡೂ ಪಥಗಳಿಗೆ ಅಡ್ಡಲಾಗಿ ನಿಂತುಬಿಡುತ್ತದೆ. ರಾತ್ರಿಯ ವೇಳೆ ಅಡ್ಡ ನಿಂತ ವಾಹನದ ಮಗ್ಗುಲು ದೂರದಿಂದ ಕಾಣುವುದಿಲ್ಲ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯ ಅನ್ವಯ, ನಿಗದಿತ ಸಂಚಾರ ದಿಕ್ಕಿಗೆ ವಿರುದ್ಧವಾಗಿ ವಾಹನ ಚಲಾಯಿಸುವುದನ್ನು ಕಲಂ 184ರ ಅಡಿಯಲ್ಲಿ ಅಪಾಯಕಾರಿ ಚಾಲನೆಯ ವಿವರಣೆಯಲ್ಲಿ ಸೇರಿಸಲಾಗಿದೆ. ಮೊದಲ ಅಪರಾಧಕ್ಕೆ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಕಾರಾಗೃಹ ವಾಸ ಅಥವಾ 1,000ದಿಂದ 5,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಹತ್ತು ಕಿಲೋಮೀಟರ್ ಮುಂದಕ್ಕೆ ಹೋಗಿ ಮೇಲ್ಸೇತುವೆಯ ಕೆಳಗೆ ಸುರಕ್ಷಿತವಾಗಿ ತಿರುಗಿ ಬರಲು ನಾಲ್ಕು ಲೀಟರ್ ಡೀಸೆಲ್ ಖರ್ಚಾಗಬಹುದು. ಒಳಗಿರುವವರ ಜೀವಕ್ಕಿಂತ ಅದು ದೊಡ್ಡದಲ್ಲ.

9. ಬಂಕಿನಲ್ಲಿ ಅನುಸರಿಸಬೇಕಾದ ಕ್ರಮ

ಅಪರಿಚಿತ ಬಂಕಾದಲ್ಲಿ ವಾಹನವನ್ನು ರಸ್ತೆಯ ಸುರಕ್ಷಿತ ಬದಿಯಲ್ಲಿ ನಿಲ್ಲಿಸಿ, ಕ್ಲೀನರ್ ಅಥವಾ ಪ್ರಯಾಣಿಕರಲ್ಲಿ ಒಬ್ಬರು ನಡೆದು ಹೋಗಿ ಒಳಗಿನ ಸ್ಥಿತಿಯನ್ನು ನೋಡಿ ಬರಬೇಕು. ಒಳಗೆ ಚಲಿಸುವಾಗ ಅವರು ಹಿಂಬದಿಯ ಮೂಲೆಯನ್ನು ಗಮನಿಸುತ್ತಿರಬೇಕು. ಇಕ್ಕಟ್ಟಿನಲ್ಲಿ ಸಿಲುಕಿದ್ದು ತಿಳಿದ ಕೂಡಲೇ ನಿಲ್ಲಿಸಿ, ಬಂಕಿನ ಸಿಬ್ಬಂದಿಯ ಸಹಾಯದಿಂದ ಇತರ ವಾಹನಗಳನ್ನು ತಡೆದು, ಅಂಗಳದೊಳಗೆ ಮಾತ್ರ ಹಿಂದೆ ಮುಂದೆ ಸರಿಸಿಕೊಳ್ಳಬೇಕು. ಹೆದ್ದಾರಿಗೆ ಹಿಮ್ಮುಖವಾಗಿ ಬರಕೂಡದು.

ಕಾರವಾನಿನಲ್ಲಿ ಅಡುಗೆ ವ್ಯವಸ್ಥೆಯಿರುವುದರಿಂದ ಬೆಂಕಿಯ ಬಗ್ಗೆ ಹೆಚ್ಚಿನ ಎಚ್ಚರ ಅಗತ್ಯ. ಬಂಕನ್ನು ಪ್ರವೇಶಿಸುವ ಮುನ್ನವೇ ಒಲೆಯನ್ನು ಆರಿಸಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನು ಬಂದ್ ಮಾಡಿ, ಜನರೇಟರನ್ನು ನಿಲ್ಲಿಸಬೇಕು. ದೇವರ ದೀಪ, ಊದುಬತ್ತಿಗಳನ್ನೂ ಆರಿಸತಕ್ಕದ್ದು. ಒಳಗೆ ಮಲಗಿರುವವರನ್ನು ಎಬ್ಬಿಸಿ ಕೆಳಗಿಳಿಸುವುದು ಕ್ಷೇಮ. ಬಿಡಿ ಡಬ್ಬಿಗಳಲ್ಲಿ ಪೆಟ್ರೋಲ್ ಅಥವಾ ಡೀಸೆಲ್ಲನ್ನು ವಾಹನದ ವಾಸದ ಭಾಗದಲ್ಲಿ ಇಟ್ಟುಕೊಳ್ಳಬಾರದು.

ದೊಡ್ಡ ತೊಟ್ಟಿಗೆ ಒಮ್ಮೆಗೆ ನೂರಾರು ಲೀಟರ್ ತುಂಬಿಸುವುದರಿಂದ ಅಳತೆಯ ಬಗ್ಗೆಯೂ ಗಮನವಿರಬೇಕು. ಯಂತ್ರದ ಅಂಕಿ ಶೂನ್ಯದಿಂದ ಆರಂಭವಾಗುವುದನ್ನು ನೋಡಿ, ರಸೀದಿ ಪಡೆಯಬೇಕು. ಸಂಶಯವಿದ್ದಲ್ಲಿ ಬಂಕಿನಲ್ಲಿರುವ, ಮುದ್ರೆ ಹಾಕಿದ 5 ಲೀಟರ್ ಮಾಪಕದಲ್ಲಿ ಅಳೆದು ತೋರಿಸುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ. 5 ಲೀಟರಿಗೆ 25 ಮಿಲಿಲೀಟರಿಗಿಂತ ಹೆಚ್ಚಿನ ವ್ಯತ್ಯಾಸ ಕಂಡುಬಂದಲ್ಲಿ ಬಂಕಿನ ದೂರು ಪುಸ್ತಕದಲ್ಲಿ ದಾಖಲಿಸಿ, ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು. ಗಾಳಿ, ಕುಡಿಯುವ ನೀರು ಮತ್ತು ಶೌಚಾಲಯ ಸೌಲಭ್ಯಗಳನ್ನು ಬಂಕಿನವರು ಉಚಿತವಾಗಿ ಒದಗಿಸಬೇಕಾಗಿದೆ. ರಾತ್ರಿ ತಂಗಲು ಮಾತ್ರ ವ್ಯವಸ್ಥಾಪಕರ ಅನುಮತಿ ಪಡೆದು, ಅವರು ತೋರಿಸಿದ ಸ್ಥಳದಲ್ಲಿಯೇ ನಿಲ್ಲಿಸಬೇಕು.

10. ಮಾರ್ಗಮಧ್ಯೆ ಇಂಧನ ಮುಗಿದಲ್ಲಿ

ಇಂಜಿನ್ ನಿಂತರೆ ಪವರ್ ಸ್ಟೀರಿಂಗಿನ ಸಹಾಯ ಇಲ್ಲವಾಗಿ ಚಕ್ರ ತಿರುಗಿಸುವುದು ಬಹಳ ಬಿಗಿಯಾಗುತ್ತದೆ. ಗಾಳಿ ಬ್ರೇಕಿಗೆ ಒತ್ತಡ ತುಂಬುವ ಕಂಪ್ರೆಸರ್ ಸಹ ಇಂಜಿನ್ನಿನಿಂದಲೇ ನಡೆಯುವುದರಿಂದ, ಉಳಿದಿರುವ ಗಾಳಿಯಲ್ಲಿ ಬ್ರೇಕನ್ನು ಕೆಲವೇ ಬಾರಿ ಒತ್ತಬಹುದು. ಆದ್ದರಿಂದ ಇಂಜಿನ್ ತಡವರಿಸತೊಡಗಿದ ಕೂಡಲೇ ರಸ್ತೆಯ ಎಡಬದಿಗೆ ತಂದು ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಬೇಕು. ಇಂಧನ ಉಳಿಸಲೆಂದು ಘಾಟಿ ಇಳಿಯುವಾಗ ಇಂಜಿನ್ ಆರಿಸುವುದಾಗಲಿ, ಗೇರನ್ನು ನ್ಯೂಟ್ರಲ್‌ಗೆ ಹಾಕುವುದಾಗಲಿ ಇದೇ ಕಾರಣಕ್ಕೆ ಸಲ್ಲದು.

ನಿಂತ ನಂತರ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ನಾಲ್ಕೂ ಸೂಚಕ ದೀಪಗಳನ್ನು ಬೆಳಗಿಸಿ, ವಾಹನದ ಹಿಂದೆ ಸಾಕಷ್ಟು ದೂರದಲ್ಲಿ ಕೆಂಪು ತ್ರಿಕೋನ ಫಲಕವನ್ನು ಇಡಬೇಕು. ತಿರುವಿನಲ್ಲಿ ನಿಂತಿದ್ದರೆ ಫಲಕವು ತಿರುವಿಗೆ ಮೊದಲೇ ಕಾಣುವಂತಿರಬೇಕು. ಪ್ರಯಾಣಿಕರನ್ನು ರಸ್ತೆಗೆ ದೂರವಾದ ಬದಿಯಿಂದ ಇಳಿಸಿ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಹಾಯವಾಣಿಗೂ, ತುರ್ತು ಸಂದರ್ಭದಲ್ಲಿ 112ಕ್ಕೂ ಕರೆ ಮಾಡಬಹುದು. ಹೊರಡುವ ಮುನ್ನ ಅಡ್ಡಗಲ್ಲುಗಳನ್ನು ರಸ್ತೆಯಿಂದ ತೆಗೆದುಹಾಕಲು ಮರೆಯಬಾರದು; ಬಿಟ್ಟುಹೋದ ಕಲ್ಲು ರಾತ್ರಿ ಬರುವ ಬೈಕ್ ಸವಾರರಿಗೆ ಮಾರಕವಾಗಬಲ್ಲದು.

ಪೂರ್ಣ ಬರಿದಾದ ಡೀಸೆಲ್ ವಾಹನವು ಇಂಧನ ಹಾಕಿದ ಮಾತ್ರಕ್ಕೆ ಚಾಲೂ ಆಗುವುದಿಲ್ಲ. ಇಂಧನ ಕೊಳವೆಗಳಲ್ಲಿ ಸೇರಿದ ಗಾಳಿಯನ್ನು ಹೊರತೆಗೆಯಬೇಕಾಗುತ್ತದೆ. ಇದನ್ನು ಮಾಡುವ ವಿಧಾನವನ್ನು ಚಾಲಕರು ಮೊದಲೇ ತಿಳಿದಿರುವುದು ಒಳಿತು.

11. ಕೊನೆಯದಾಗಿ

ಮೇಲೆ ತಿಳಿಸಿದ ಅಂಶಗಳಲ್ಲಿ ಹೆಚ್ಚಿನವು ಅರ್ಧ ಗಂಟೆಯ ಪೂರ್ವಸಿದ್ಧತೆಯಿಂದ ಈಡೇರುವಂತಹವು. ವಾಹನದ ಅಳತೆಯ ಚೀಟಿ, ಎಡಬದಿಯ ಬಂಕುಗಳ ಪಟ್ಟಿ, ಘಾಟಿಗೆ ಮುನ್ನ ತುಂಬಿದ ತೊಟ್ಟಿ, ಈ ಮೂರು ಇದ್ದಲ್ಲಿ ದೊಡ್ಡ ವಾಹನದ ಪ್ರವಾಸವು ಬಹುಮಟ್ಟಿಗೆ ನಿರಾತಂಕವಾಗಿರುತ್ತದೆ. ವಾಹನದ ಒಳಗೆ ಕುಳಿತವರ ಹಾಗೂ ಅದೇ ರಸ್ತೆಯಲ್ಲಿ ಸಂಚರಿಸುವ ಇತರರ ಸುರಕ್ಷತೆಯ ದೃಷ್ಟಿಯಿಂದ ವಾಹನ ಮಾಲೀಕರು, ಚಾಲಕರು ಮತ್ತು ಪ್ರವಾಸಿಗರು ಈ ಸೂಚನೆಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.